ಕಲ್ಲು ನಿಂತಿತು, ಹೆಸರುಗಳೆಲ್ಲಿ?

ಮಡಿಕೇರಿಯನ್ನು ನೋಡಿಬಂದವರು ಅಲ್ಲಿಯ ವೀರಪ್ರತಿಮೆಗಳನ್ನು ಹೊಗಳದೆ ಇರುವದಿಲ್ಲ. ಚಿಕ್ಕದೊಂದು ಕೊಡಗು ನಾಡು ಕಾರ್ಯಪ್ಪ, ತಿಮ್ಮಯ್ಯನವರಂಥ ಇಬ್ಬರು ದಂಡನಾಯಕರನ್ನು ಭಾರತಕ್ಕೆ ಕೊಟ್ಟಿತೆಂಬ ಹೆಮ್ಮೆ ಕನ್ನಡಿಗರೆಲ್ಲರದು, ನಮ್ಮದೂ ಅಹುದು. ಆದರೆ ಹೆಮ್ಮೆಪಡುವದು ಬೇರೆ, ನೆನಪಿಡುವದು ಬೇರೆ. ಎರಡನೆಯದರಲ್ಲಿ ನಾವೆಷ್ಟು ಹಿಂದುಳಿದಿರುವೆವೆಂಬುದಕ್ಕೆ ಆ ಊರೇ ಸಾಕ್ಷಿಯಾಗಿದೆ.

2021ನೆಯ ಫೆಬ್ರುವರಿ 6ರಂದು ರಾಷ್ಟ್ರಪತಿಗಳು ಅಲ್ಲಿಗೆ ಬಂದು, ತಿಮ್ಮಯ್ಯನವರ ಮನೆಯಾದ 'ಸನ್ನಿ ಸೈಡ್' ಅನ್ನು ಸ್ಮಾರಕ ಸಂಗ್ರಹಾಲಯವೆಂದು ತೆರೆದರು. ಒಳ್ಳೆಯದಾಯಿತು. ಆದರೆ ಆ ಸೇನಾನಿಯು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಸೇನೆಯನ್ನು ನಡಿಸುತ್ತಿರುವಾಗಲೇ ತೀರಿಕೊಂಡದ್ದು 1965ರ ಡಿಸೆಂಬರದಲ್ಲಿ. ನಡುವಿನ 55 ವರ್ಷ ನಾವೇನು ಮಾಡುತ್ತಿದ್ದೆವು? 1948ರಲ್ಲಿ ಜೋಜಿಲಾ ಕಣಿವೆಯ ಹಿಮದೆತ್ತರಕ್ಕೆ ಟ್ಯಾಂಕುಗಳನ್ನೇರಿಸಿದವರ ಮನೆಯಲ್ಲಿ ಎಷ್ಟೋ ಕಾಲ ಮೋಟಾರು ನೋಂದಣಿಯ ಕಚೇರಿಯನ್ನಿಟ್ಟಿದ್ದೆವು! ನಮ್ಮ ಸಿಟ್ಟು ಗುಮಾಸ್ತರ ಮೇಲಲ್ಲ; ಕೊಟ್ಟ ಕಟ್ಟಡದಲ್ಲಿ ಅವರು ಕುಳಿತರು. ಕೊಡುವವರಿಗೂ ನೋಡುವವರಿಗೂ ಏನೂ ಅನಿಸಲಿಲ್ಲವೆಂಬುದೇ ನಮ್ಮ ದುಃಖ.

ಅದೇ ಊರಿನ ಒಂದು ವೃತ್ತಕ್ಕೆ ಅಜ್ಜಮಾಡ ದೇವಯ್ಯನವರ ಹೆಸರಿದೆ. 1965ರ ಸಪ್ಟಂಬರ 7ರಂದು ಸರಗೋಧಾದ ಮೇಲಿನ ದಾಳಿಗೆ ಹೊರಟಾಗ ಅವರು ಬದಲಿಯಾಗಿ ಇರಿಸಿದ ವೈಮಾನಿಕರು. ತಮ್ಮ ಹಳೆಯ ಮಿಸ್ಟಿಯರ್ ವಿಮಾನದಿಂದಲೇ, ಶಬ್ದಕ್ಕಿಂತ ವೇಗದ ಸ್ಟಾರ್‌ಫೈಟರ್ ಒಂದನ್ನು ಕೆಡವಿ ತಾವೂ ಮಡಿದರು. ಈ ಸಾಹಸವು ನಮಗೆ ತಿಳಿದುದಾದರೂ ಹೇಗೆ? ಎದುರಾಳಿಗಳ ವಾಯುಸೇನೆಯ ಪರವಾಗಿ ಆ ಯುದ್ಧದ ಕಥೆಯನ್ನು ಬರೆದ ಆಂಗ್ಲ ಲೇಖಕನ ಪುಸ್ತಕದಿಂದ! ಮಹಾವೀರ ಚಕ್ರವು ಬಂದುದು 1988ರಲ್ಲಿ, 23 ವರ್ಷಗಳ ತರುವಾಯ. ಆ ಪರದೇಶಿಯನು ಬರೆಯದೆ ಹೋಗಿದ್ದರೆ?

ಅಧಿಕಾರಿಗಳ ಪಾಡೇ ಇದಾದರೆ, ಹಳ್ಳಿಯ ಸಿಪಾಯಿಯನ್ನು ಕೇಳುವವರಾರು? "ದಿಲ್ಲಿಯಲ್ಲಿ ಕೆತ್ತಿಸಿರುವರಲ್ಲ" ಎಂದು ಕೆಲವರೆನ್ನಬಹುದು. ನಿಜ. ಪರಸರಕಾರವು ಕೂಡ 1931ರಲ್ಲಿ ತೆರೆದ ಇಂಡಿಯಾ ಗೇಟಿನಲ್ಲಿ 13 ಸಾವಿರಕ್ಕೂ ಮಿಕ್ಕಿ ಹೆಸರುಗಳನ್ನು ಕೊರೆಯಿಸಿತು. 2019ರ ಫೆಬ್ರುವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧಸ್ಮಾರಕದಲ್ಲಿ 25,942 ಹೆಸರುಗಳು ಮೂಡಿದವು. ಆದರೆ ಸೋಮವಾರಪೇಟೆಯ ಕಡೆಯ ಒಬ್ಬ ಮುದುಕಿ ಮಗನ ಹೆಸರನ್ನು ಮುಟ್ಟಿ ನೋಡಲು ದಿಲ್ಲಿಗೆ ಹೋಗುವಳೇ? ಇನ್ನು, ಆ ಕಲ್ಲುಗಳು ಮಡಿದವರವು. ಕಾದಿ ಉಳಿದು ಬಂದು ಗದ್ದೆ ಉಳುತ್ತಿರುವವನ ಹೆಸರು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ವರ್ಷಕ್ಕೆರಡು ಸಲ ಪ್ರತಿಮೆಗೆ ಹಾರ ಹಾಕಿ ಭಾಷಣ ಬಿಗಿಯುವಾಗ ಅವನು ಹಿಂದಿನ ಸಾಲಿನಲ್ಲಿ ನಿಂತಿರುವನು; ಅವನಿಗೊಂದು ಕುರ್ಚಿಯೂ ಸಿಕ್ಕುವದಿಲ್ಲ.

ಆದುದರಿಂದ ನಾವು ಮತ್ತೊಂದು ಪ್ರತಿಮೆಯನ್ನು ಕೇಳುವದಿಲ್ಲ. ಹೆಸರು, ಮನೆತನ, ಹಳ್ಳಿ, ಪಡೆ, ಕಾದಿದ ರಂಗ, ವರ್ಷ, ಇಷ್ಟನ್ನು ಕನ್ನಡದಲ್ಲಿ ಕೆತ್ತಿದ ಒಂದು ಕಲ್ಲು ಪ್ರತಿಯೊಂದು ಊರಿನಲ್ಲಿಯೂ ನಿಲ್ಲಲಿ. ಮೇಲಧಿಕಾರಿ, ಸಿಪಾಯಿ ಎಂಬ ಭೇದ ಅದರಲ್ಲಿ ಬೇಡ. ಇದಕ್ಕೆ ಸರಕಾರದ ಅಪ್ಪಣೆಯ ದಾರಿಯನ್ನು ಕಾಯಬೇಕಾದುದಿಲ್ಲ. ಶಿಕ್ಷಕಬಂಧುಗಳೇ, ಮೇಲಿನ ತರಗತಿಯ ಹುಡುಗರನ್ನು ಕರೆದುಕೊಂಡು ನಿವೃತ್ತ ಯೋಧರ ಮನೆಗಳಿಗೆ ಹೋಗಿರಿ. ಪೆನ್ಶನ್ ಪುಸ್ತಕವನ್ನು ನೋಡಿ, ಬಾಯಿಮಾತನ್ನು ಕೇಳಿ ಬರೆದುಕೊಳ್ಳಿರಿ. ಅವರಲ್ಲಿ ಅನೇಕರು ಎಂಬತ್ತನ್ನು ದಾಟಿರುವರು. ಯಾವ ಶಾಲೆಯು ತನ್ನ ಊರಿನ ಯಾದಿಯನ್ನು ಮೊದಲು ಕಳಿಸುವದೋ ಅದನ್ನು ಈ ಪತ್ರದ ಮೊದಲನೆಯ ಪುಟದಲ್ಲಿ ಅಚ್ಚುಹಾಕಲು ನಾವು ಸಿದ್ಧರಿರುವೆವು.