ಚಿಗರಿಗಳ ದಾರಿಯೂ ಕಲ್ಲುಗಣಿಯೂ



ಹೋದ ಚಳಿಗಾಲದಲ್ಲಿ ನಾವು ಒಂಬತ್ತನೆಯ ತರಗತಿಗೆ ‘ನಮ್ಮೂರಿನ ರಾತ್ರಿ’ ಎಂಬ ಪ್ರಬಂಧವನ್ನು ಬರೆಯಲು ಕೊಟ್ಟಿದ್ದೆವು. ಚಿಗರಿಗಳಿಂದ ಕಡಲೆಯ ಬೆಳೆಯನ್ನು ಕಾಯಲು ತನ್ನ ತಂದೆಯವರು ಇರುಳೆಲ್ಲ ಹೊಲದಲ್ಲಿ ಎಚ್ಚರವಾಗಿರುವರೆಂದು ಯಲಬುರ್ಗಾ ಕಡೆಯ ಒಬ್ಬ ಬಾಲಕಿಯು ಬರೆದಳು. ತನ್ನ ತಂದೆಯವರು ಇರುಳೆಲ್ಲ ಕಲ್ಲಿನ ಲಾರಿ ನಡೆಸುವರೆಂದು ಅವಳ ಪಕ್ಕದ ಕುಷ್ಟಗಿಯ ಬಾಲಕಿಯು ಬರೆದಳು. ಈ ಎರಡು ಜಾಗರಣೆಗಳಿಗೂ ಸಂಬಂಧವುಂಟೆಂಬದೇ ನಮ್ಮ ಅಭಿಪ್ರಾಯವು.

ಗ್ರಂಥಗಳಲ್ಲಿ ಕೃಷ್ಣಮೃಗವೆಂದು ಕರೆಯಲ್ಪಡುವ ಚಿಗರಿಯು ದಟ್ಟಡವಿಯ ಪ್ರಾಣಿಯಲ್ಲ, ಬಯಲಿನದು. ಕಣ್ಣೂ ಕಾಲೂ ಅದರ ಕಾವಲು. ಆಫ್ರಿಕದ ಮೃಗಗಳಂತೆ ನೂರಾರು ಮೈಲಿ ವಲಸೆ ಹೋಗದಿದ್ದರೂ, ಮಳೆ ಬಿದ್ದಾಗ ಹುಲ್ಲಿದ್ದಲ್ಲಿಗೂ ಬೇಸಿಗೆಯಲ್ಲಿ ನೀರಿದ್ದಲ್ಲಿಗೂ ಅದು ಹಿಂಡುಗೂಡಿ ನಡೆಯುವದು. ಗುಡ್ಡದ ಬುಡ, ಬೀಳು ಭೂಮಿ, ಹಳ್ಳದ ದಂಡೆ, ಇವೇ ಅದರ ದಾರಿಗಳು.

ಇಳಕಲ್ಲು, ಕುಷ್ಟಗಿಗಳ ಕೆಂಪು ಗ್ರಾನೈಟಿಗೆ ದೂರದೇಶಗಳಲ್ಲಿಯೂ ಬೆಲೆಯುಂಟು. ಅದರಿಂದ ನಮ್ಮ ಎಷ್ಟೋ ಮನೆಗಳ ಒಲೆಯು ಉರಿಯುವದು. ಆದರೆ ಗಣಿಯು ತೆಗೆದುಕೊಳ್ಳುವದು ಕಲ್ಲನ್ನಷ್ಟೇ ಅಲ್ಲ. ಸಿಡಿಮದ್ದಿನ ಸದ್ದು, ಹುಲ್ಲಿನ ಮೇಲಣ ಧೂಳು, ಬಿಡುವಿಲ್ಲದ ಲಾರಿಗಳು, ಮುಚ್ಚದೆ ಬಿಟ್ಟ ಹೊಂಡಗಳು ಕೂಡಿ ಹಿಂಡಿನ ದಾರಿಯನ್ನು ಕಡಿಯುತ್ತವೆ. ಬೀಳು ಭೂಮಿಯನ್ನು ಉತ್ತು ಬಿತ್ತಿದವರು ನಾವೇ ಎಂಬದೂ ಸತ್ಯವು. ಎರಡೂ ಕಡೆಯಿಂದ ಇಕ್ಕಟ್ಟಿಗೆ ಸಿಕ್ಕಿದ ಮೃಗಗಳು ಕಡಲೆಯ ಹೊಲಕ್ಕಲ್ಲದೆ ಮತ್ತೆಲ್ಲಿಗೆ ಹೋದಾವು? ಇದು ನಮ್ಮ ಸೀಮೆಯೊಂದರ ಮಾತಲ್ಲ. ಮಂಗೋಲಿಯ ದೇಶದಲ್ಲಿ ರೈಲುದಾರಿಯ ಬೇಲಿಯು ಹುಲ್ಲೆಗಳ ವಲಸೆಯನ್ನು ತಡೆದಿರುವದನ್ನು ವಿದ್ವಾಂಸರು ಕಂಡಿದ್ದಾರೆ. ಗೋಬಿ ಮರುಭೂಮಿಯ ಗಣಿರಸ್ತೆಗಳಿಂದ ಕಾಡುಕತ್ತೆಗಳಿಗೂ ಅದೇ ತೊಂದರೆ.

1972ರ ವನ್ಯಜೀವಿ ಕಾಯಿದೆಯು ಚಿಗರಿಯ ಪ್ರಾಣವನ್ನು ಕಾಯುವದು. ಧಾಮಗಳ ಹೊರಗೆ ಅದರ ದಾರಿಯನ್ನು ಕಾಯುವವರು ವಿರಳ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 2025ರಲ್ಲಿ ತೋಳಗಳ ಧಾಮಕ್ಕೆ ಒಪ್ಪಿಗೆಯಾದದ್ದು ಸಂತೋಷವೇ. ಆದರೆ ಸುಮಾರು 820 ಎಕರೆಯ ಗೆರೆಯೊಳಗೆ ಯಾವ ಮೃಗವೂ ನಿಂತು ಬಾಳಲಾರದು.

ಗಣಿಗಳನ್ನು ಮುಚ್ಚಬೇಕೆಂದು ನಾವು ಹೇಳುವದಿಲ್ಲ. ಗುತ್ತಿಗೆ ಕೊಡುವದಕ್ಕೆ ಮುಂಚೆ ಕುರುಬರನ್ನೂ ರೈತರನ್ನೂ ಕೇಳಿ ಮೃಗಗಳು ನಡೆಯುವ ಪಟ್ಟಿಯನ್ನು ಬಿಡಬೇಕು. ಕಲ್ಲು ತೀರಿದ ಹೊಂಡಗಳನ್ನು ಮುಚ್ಚಿ ಹುಲ್ಲು ಬೆಳೆಸಬೇಕು. ಬೆಳೆ ಕಳೆದುಕೊಂಡವರಿಗೆ ತಡಮಾಡದೆ ಪರಿಹಾರ ಕೊಡಬೇಕು. ನೆರೆಯ ಗದಗ ಸೀಮೆಯಲ್ಲಿ 2016ರಲ್ಲಿ ಕಪ್ಪತಗುಡ್ಡದ ರಕ್ಷಣೆಯನ್ನು ಸರಕಾರವು ಹಿಂದೆಗೆದಾಗ ಜನರು ಎದ್ದು ಕೇಳಿದರು. 2017ರಲ್ಲಿ ಅದು ಮರಳಿ ಬಂದಿತು, 2019ರಲ್ಲಿ ಆ ಗುಡ್ಡವು ವನ್ಯಜೀವಿಧಾಮವಾಯಿತು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಪಂಚಾಯತಿಯ ಸದಸ್ಯರಾದವರೂ ಇದ್ದೀರಿ. ಗ್ರಾಮಸಭೆಯಲ್ಲಿ ಗಣಿಯ ಮಾತು ಬಂದಾಗ, ಚಿಗರಿಗಳು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತವೆಂದು ಒಂದು ಮಾತು ಕೇಳಿರಿ. ಹೊಲ ಕಾಯುವ ತಂದೆಗೂ ಲಾರಿ ನಡೆಸುವ ತಂದೆಗೂ ಅದರಿಂದ ಹಿತವಾಗುವದೆಂದು ನಂಬಿ, ಇಷ್ಟನ್ನು ಅರಿಕೆ ಮಾಡುತ್ತೇವೆ.