ಕಟ್ಟಡಕ್ಕೆ ಮೊದಲು ಮರಗಳ ಲೆಕ್ಕ



ಕಣದ ಪಕ್ಕದಲ್ಲೊಂದು ಗೋದಾಮು, ಬೇರೆಯಾದ ಮಗನಿಗೊಂದು ಮನೆ, ಪ್ರವಾಸಿಗರಿಗೆಂದು ಎರಡು ಕೊಠಡಿಯ ಹೋಂಸ್ಟೇ. ಸಣ್ಣ ಬೆಳೆಗಾರರಾದ ನಾವು ತೋಟದೊಳಗೆ ಕಟ್ಟಡ ಎಬ್ಬಿಸಲು ಹೊರಡುವುದು ಈಗ ಸಾಮಾನ್ಯವಾಗಿದೆ. ಈ ಬಗ್ಗೆ ಸಲಹೆ ಕೇಳಿ ಸಂಘದ ಕಚೇರಿಗೆ ಬರುವವರ ಕೈಯಲ್ಲಿ ಪಹಣಿ ಇರುತ್ತದೆ, ಸರ್ವೆ ಸ್ಕೆಚ್ ಇರುತ್ತದೆ, ಮನೆಯ ನಕ್ಷೆಯೂ ಇರುತ್ತದೆ. ಇಲ್ಲದಿರುವುದು ಒಂದೇ. ಆ ಜಾಗದಲ್ಲಿ ಯಾವ ಜಾತಿಯ ಮರ ಎಷ್ಟಿವೆ ಎಂಬ ಪಟ್ಟಿ.

ಮೊದಲು ತಿಳಿಯಬೇಕಾದ ಸಂಗತಿ ಇದು. ಕಟ್ಟಲು ಸಿಕ್ಕ ಅನುಮತಿ ಕಡಿಯಲು ಸಿಕ್ಕ ಅನುಮತಿಯಲ್ಲ. ಕೃಷಿಯೇತರ ಉದ್ದೇಶಕ್ಕೆ ಭೂಮಿ ಬಳಸುವ ವಿಷಯ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿಗೆ ಸೇರಿದ್ದು. ಮರದ ವಿಷಯ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಗೆ ಸೇರಿದ್ದು. ಅದರ 8ನೇ ಕಲಮಿನಂತೆ, ವಿನಾಯಿತಿ ಇಲ್ಲದ ಮರವನ್ನು ಕಡಿಯಬೇಕಾದರೆ ಅದು ನಮ್ಮದೇ ಹಿಡುವಳಿಯಲ್ಲಿದ್ದರೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಬೇಕು. ಕಡಿದದ್ದಕ್ಕೆ ಬದಲಿ ಮರ ನೆಡುವ ಹೊಣೆಯೂ ನಮ್ಮದೇ. ಪಂಚಾಯಿತಿಯ ಕಾಗದ ಕೈಗೆ ಬಂತೆಂದು ಗರಗಸ ಹಚ್ಚಿದವರು ಆಮೇಲೆ ಅರಣ್ಯ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಎಲ್ಲ ಮರಗಳಿಗೂ ಒಂದೇ ನಿಯಮವಿಲ್ಲ. ಸಿಲ್ವರ್, ಹಾಲುವಾಣ, ಗ್ಲಿರಿಸಿಡಿಯಾ, ರಬ್ಬರ್ ಮುಂತಾದುವಕ್ಕೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆ. ಶ್ರೀಗಂಧದ ಒಡೆತನ 2001ರ ತಿದ್ದುಪಡಿಯಿಂದ ಭೂಮಾಲೀಕನಿಗೆ ಬಂದಿದ್ದರೂ ಕಡಿಯಲು ಇಲಾಖೆಯ ಒಪ್ಪಿಗೆ ಬೇಕೇ ಬೇಕು. ಬೀಟೆಯ ಮೇಲಂತೂ ಲೋಕದ ಕಣ್ಣೇ ಇದೆ. 2017ರಿಂದ ಬೀಟೆಯ ಕುಲವನ್ನೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಲಾಗಿದೆ. ದರಖಾಸ್ತಿನಲ್ಲಿ ಬಂದ ಜಮೀನಾದರೆ ಮಂಜೂರಾತಿ ಆದೇಶದಲ್ಲಿ ಮರದ ಹಕ್ಕಿನ ಬಗ್ಗೆ ಏನಿದೆಯೆಂದು ಓದಿ ನೋಡಬೇಕು. ಕೊಡಗಿನವರು ತಮ್ಮ ಜಾಗ ರಿಡೀಮ್ಡ್ ಹೌದೋ ಅಲ್ಲವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅಡಿಕೆಯವರ ಸೊಪ್ಪಿನಬೆಟ್ಟದಲ್ಲಿ ನಮಗಿರುವುದು ಸೊಪ್ಪು, ತರಗೆಲೆಗಳ ಸವಲತ್ತು. ಅಲ್ಲಿ ಮನೆ ಕಟ್ಟುವ ಯೋಚನೆಯೇ ಬೇಡ.

ಆದ್ದರಿಂದ ಅರ್ಜಿ ಬರೆಯುವ ಮೊದಲೇ ಮರಗಳ ಲೆಕ್ಕವಾಗಲಿ. ಇದಕ್ಕೆ ದೊಡ್ಡ ಖರ್ಚೇನಿಲ್ಲ. ಒಂದು ಟೇಪು, ಸ್ವಲ್ಪ ಬಣ್ಣ, ಒಂದು ನೋಟುಬುಕ್ ಸಾಕು. ಪ್ರತಿ ಮರಕ್ಕೂ ನಂಬರು ಹಾಕಿ, ಜಾತಿ ಬರೆದು, ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗೆದು, ಸ್ಕೆಚ್ಚಿನಲ್ಲಿ ಸ್ಥಳ ಗುರುತಿಸಬೇಕು. ಹೀಗೆ ಮಾಡಿದಾಗ ಮನೆಯ ನಕ್ಷೆಯನ್ನು ಹತ್ತು ಅಡಿ ಸರಿಸಿದರೆ ಎರಡು ಮರ ಉಳಿಯುತ್ತದೆಂಬುದು ಕಣ್ಣಿಗೆ ಬೀಳುತ್ತದೆ. ಮರ ಉಳಿಸಿದೆವೆಂದು ಅದರ ಬುಡದಲ್ಲೇ ಪಾಯ ತೋಡುವುದೂ ತಪ್ಪು. ಬೇರು ತುಂಡಾದ ಮರ ಆಷಾಢದ ಗಾಳಿಗೆ ಹೊಸ ಹೆಂಚಿನ ಮೇಲೆಯೇ ಬಂದೀತು. ಇಳಿಜಾರು ಜಾಗವಾದರಂತೂ ಇನ್ನಷ್ಟು ಎಚ್ಚರ ಬೇಕು. ಗುಡ್ಡ ಕುಸಿದರೆ ಏನಾಗುತ್ತದೆಂಬುದನ್ನು 2018ರ ಆಗಸ್ಟಿನಲ್ಲಿ ಕೊಡಗು ಕಂಡಿದೆ.

ಇಷ್ಟು ನಮ್ಮ ಕರ್ತವ್ಯದ ಮಾತಾಯಿತು. ಸರ್ಕಾರಕ್ಕೂ ಹೇಳಬೇಕಾದ ಮಾತೊಂದಿದೆ. ಒಬ್ಬ ಬೆಳೆಗಾರ ಅಜ್ಜನ ಕಾಲದ ಬೀಟೆ, ಹೊನ್ನೆ, ಮತ್ತಿಗಳನ್ನು ಉಳಿಸಿಕೊಂಡು ಬಂದಿದ್ದಾನೆ. ಪಕ್ಕದವನು ಎಂದೋ ಅವನ್ನೆಲ್ಲ ತೆಗೆದು ಸಿಲ್ವರ್ ನೆಟ್ಟಿದ್ದಾನೆ. ಇಂದು ಇಬ್ಬರೂ ಗೋದಾಮು ಕಟ್ಟಲು ಹೊರಟರೆ ಅಡಚಣೆಯಾಗುವುದು ಯಾರಿಗೆ? ಮರ ಉಳಿಸಿದವನಿಗೆ. ಕಾಡುಮರದ ಸಸಿ ತಾನಾಗಿ ಹುಟ್ಟಿದರೆ, ಮುಂದೆ ಇದು ತಲೆನೋವೆಂದು ಕಳೆ ತೆಗೆಯುವಾಗಲೇ ಕಿತ್ತು ಹಾಕುವ ಅಭ್ಯಾಸ ನಮ್ಮಲ್ಲಿ ಬೆಳೆದಿರುವುದು ಇದರಿಂದಲೇ. ಮರ ಉಳಿಸಲೆಂದು ಮಾಡಿದ ಕಾಯ್ದೆ ಮರದ ಮೇಲೆ ಭಯ ಹುಟ್ಟಿಸುವಂತಾಗಬಾರದು.

ಹಾಗೆಂದು ಕಾಯ್ದೆಯೇ ಬೇಡವೆಂಬ ವಾದ ನಮ್ಮದಲ್ಲ. ನೆರಳು ಹೋದರೆ ಕಾಫಿಯೂ ಇಲ್ಲ, ಮರಕ್ಕೆ ಹಬ್ಬಿದ ಮೆಣಸೂ ಇಲ್ಲ. ನಾವು ಕೇಳುವುದು ಮೂರು. ಕಂದಾಯ ಮತ್ತು ಅರಣ್ಯ ಇಲಾಖೆಗಳ ಸ್ಥಳ ತನಿಖೆ ಒಂದೇ ದಿನ, ಒಟ್ಟಿಗೆ ನಡೆಯಲಿ. ಅನುಮತಿ ನಿರಾಕರಿಸಿದರೆ ಯಾವ ಮರ, ಯಾವ ಕಾರಣ ಎಂಬುದನ್ನು ಲಿಖಿತವಾಗಿ ತಿಳಿಸಲಿ. ಬೆಳೆಗಾರನೇ ನೆಟ್ಟು ದಾಖಲಿಸಿದ ಕಾಡುಮರ ಬಲಿತಾಗ ಅದರ ಫಲ ಅವನಿಗೆ ಅಡೆತಡೆಯಿಲ್ಲದೆ ಸಿಗಲಿ.

ಇದನ್ನು ಕೇಳಲು ನಮ್ಮ ಲೆಕ್ಕವೂ ನೆಟ್ಟಗಿರಬೇಕು. ರಾತ್ರೋರಾತ್ರಿ ಮರ ಉರುಳಿಸಿ ಬೆಳಿಗ್ಗೆ ಖಾಲಿ ಜಾಗಕ್ಕೆ ಅರ್ಜಿ ಹಾಕುವ ಒಬ್ಬಿಬ್ಬರಿಂದ ಪ್ರಾಮಾಣಿಕರ ಮಾತಿಗೂ ಬೆಲೆ ಇಲ್ಲದಂತಾಗುತ್ತದೆ. ಈ ಬಾರಿ ಮರಗಸಿಗೆ ಆಳುಗಳು ಬಂದಾಗ, ಕಟ್ಟಡದ ಯೋಚನೆ ಇರಲಿ ಬಿಡಲಿ, ಪ್ರತಿಯೊಬ್ಬ ಸದಸ್ಯರೂ ತಮ್ಮ ಮರಗಳ ಪಟ್ಟಿ ಮಾಡಿ ಅದರ ಒಂದು ಪ್ರತಿಯನ್ನು ಸಂಘದ ಕಚೇರಿಗೆ ಕೊಡಬೇಕೆಂದು ವಿನಂತಿಸುತ್ತೇವೆ.