ಆರೋಗ್ಯ ಮಾತು: ಅಂಡಮಾನಿಗೆ ಹೊರಟಿದ್ದೀರಾ? ನೀರಿಗಿಳಿಯುವ ಮೊದಲು ಆ ಫಾರ್ಮನ್ನು ನಿಜ ಬರೆದು ತುಂಬಿ



ರಜೆ ಹತ್ತಿರ ಬಂದಂತೆ ನಮ್ಮ ಗುಂಪುಗಳಲ್ಲಿ ಅಂಡಮಾನ್ ಪ್ಯಾಕೇಜುಗಳು ಓಡಾಡತೊಡಗುತ್ತವೆ. ಚೆನ್ನೈನಲ್ಲಿರುವವರಿಗೆ ಅದು ಎರಡು ಚಿಲ್ಲರೆ ಗಂಟೆಯ ವಿಮಾನ. ದೆಹಲಿಯ ಸರ್ಕಾರಿ ನೌಕರರು ಎಲ್‌ಟಿಸಿ ಹಾಕಿ ಹೊರಡುತ್ತಾರೆ. ಮುಂಬೈ, ಪುಣೆಯವರು ಅಷ್ಟು ದೂರ ಬೇಡವೆಂದು ಮಾಲ್ವಣಕ್ಕೆ ಹೋಗುತ್ತಾರೆ. ಊರಿಗೆ ಬಂದವರು ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿಬರುತ್ತಾರೆ. ಎಲ್ಲ ಕಡೆಯೂ ಒಂದೇ ಬೋರ್ಡು: "ಸ್ಕೂಬಾ ಡೈವಿಂಗ್. ಈಜು ಬರದಿದ್ದರೂ ಪರವಾಗಿಲ್ಲ. ಎಲ್ಲ ವಯಸ್ಸಿನವರಿಗೂ."

ಈ ಬೋರ್ಡಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧವನ್ನು ನಾವೇ ತಿಳಿದುಕೊಳ್ಳಬೇಕು. ನನ್ನ ಅಭಿಪ್ರಾಯ ಇಷ್ಟೇ: ಸಮುದ್ರಕ್ಕೆ ಹೆದರಬೇಕಿಲ್ಲ, ಆದರೆ ಕಾಯಿಲೆಯನ್ನು ಮುಚ್ಚಿಟ್ಟು ಇಳಿಯಬಾರದು, ಮನೆಯವರನ್ನು ಒತ್ತಾಯ ಮಾಡಿ ಇಳಿಸಲೂಬಾರದು.

*1. ಯಾರಿಗೆ ಯಾವುದು?*

ಹ್ಯಾವ್‌ಲಾಕ್ ದ್ವೀಪಕ್ಕೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು. ಅಲ್ಲಿ ಎಲ್ಲ ಹಂತದವರಿಗೂ ಏನಾದರೊಂದು ಉಂಟು.

ನೀರಿಗೇ ಇಳಿಯದವರಿಗೆ ಗಾಜಿನ ತಳದ ದೋಣಿ. ಕೂತಲ್ಲಿಂದಲೇ ಹವಳ, ಮೀನು ಕಾಣುತ್ತವೆ. ಮಂಡಿ ನೋವಿನ ಅಜ್ಜಿಗೂ ಆಗುತ್ತದೆ.

ಸ್ನಾರ್ಕೆಲಿಂಗ್ ಎಂದರೆ ಲೈಫ್ ಜಾಕೆಟ್ ಹಾಕಿ ನೀರಿನ ಮೇಲೆ ಬೋರಲು ತೇಲುತ್ತ, ಬಾಯಿಯ ಕೊಳವೆಯಲ್ಲಿ ಉಸಿರಾಡುತ್ತ ಕೆಳಗೆ ನೋಡುವುದು. ಎಲಿಫೆಂಟ್ ಬೀಚ್ ಇದಕ್ಕೆ ಹೆಸರಾದ ಜಾಗ.

ಮೊದಲ ಸಲದವರಿಗೆ ಮಾಡಿಸುವ ಸ್ಕೂಬಾದಲ್ಲಿ ಕಲಿಸುವವರು ಪೂರ್ತಿ ಹೊತ್ತು ಜೊತೆಗಿರಬೇಕು. ಗರಿಷ್ಠ ಆಳ 12 ಮೀಟರ್. ಹ್ಯಾವ್‌ಲಾಕ್‌ನ ನೀಮೋ ರೀಫ್‌ನಂಥ ಜಾಗಗಳಲ್ಲಿ ದಡದಿಂದಲೇ ನಡೆದು ನೀರಿಗಿಳಿಯಬಹುದು.

ಇದರ ಮೇಲೆ ಮೂರು ನಾಲ್ಕು ದಿನದ ಓಪನ್ ವಾಟರ್ ಕೋರ್ಸ್. 10 ವರ್ಷ ತುಂಬಿದ ಮಕ್ಕಳೂ ಸೇರಬಹುದು, ಅವರಿಗೆ ಆಳದ ಮಿತಿ ಕಡಿಮೆ. ದೊಡ್ಡವರಿಗೆ 18 ಮೀಟರ್ ತನಕ ಪರವಾನಗಿ ಸಿಗುತ್ತದೆ. ಈ ಕೋರ್ಸಿಗೆ ಈಜು ಬರಲೇಬೇಕು: 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ಅಂದರೆ "ಈಜು ಬರದಿದ್ದರೂ ಪರವಾಗಿಲ್ಲ" ಎಂಬ ಮಾತು ಮೊದಲ ಹಂತಕ್ಕೆ ಮಾತ್ರ, ಅದೂ ಒಬ್ಬರು ಕೈ ಬಿಡದೆ ಹಿಡಿದಿದ್ದರೆ ಮಾತ್ರ. ಒಬ್ಬ ಹುಡುಗ ಮೂವರನ್ನು ಹಿಡಿದುಕೊಂಡು ಹೋಗುತ್ತಾನೆಂದರೆ ಬೇಡ ಎನ್ನಿ.

*2. ನೀರಿನ ಕೆಳಗೆ ದೇಹಕ್ಕೆ ಏನಾಗುತ್ತದೆ?*

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಆಕ್ಸಿಜನ್ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮಾಮೂಲಿ ಡೈವಿಂಗ್‌ನಲ್ಲಿ ಅದರೊಳಗಿರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಒತ್ತಿ ತುಂಬಿದ್ದು. ಅದರಲ್ಲಿ ಹೆಚ್ಚಿನ ಪಾಲು ನೈಟ್ರೋಜನ್.

10 ಮೀಟರ್ ಕೆಳಗೆ ಹೋದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಬಲೂನು ಒಯ್ದರೆ ಅರ್ಧಕ್ಕೆ ಕುಗ್ಗುತ್ತದೆ. ನಮ್ಮ ಮೈಯಲ್ಲಿ ಅಂಥ ಬಲೂನುಗಳು ಮೂರು: ಕಿವಿ, ಸೈನಸ್, ಶ್ವಾಸಕೋಶ.

*ಕಿವಿ:* ಒಂದೆರಡು ಮೀಟರಿಗೇ ಕಿವಿ ಒತ್ತಿದಂತಾಗುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ಜೋರಾಗಿ ಊದಬಾರದು. ನೋವು ಶುರುವಾಗುವ ಮೊದಲೇ ಊದಬೇಕು. ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ನೋವು ತಡೆದುಕೊಂಡು ಕೆಳಗಿಳಿದರೆ ತಮಟೆ ಹರಿಯಬಹುದು. ನೆಗಡಿ ಇದ್ದ ದಿನ ಡೈವ್ ಬೇಡವೇ ಬೇಡ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವವರಿದ್ದಾರೆ. ಅದರ ಪ್ರಭಾವ ನೀರಿನಡಿಯಲ್ಲೇ ಇಳಿದುಹೋದರೆ ಮೇಲೆ ಬರುವಾಗ ಕಷ್ಟ. ತಲೆಗೆ ಹೆಲ್ಮೆಟ್ ಹಾಕಿ ಸಮುದ್ರದ ತಳದಲ್ಲಿ ನಡೆಸುವ ಸೀ ವಾಕ್‌ಗೂ ಇದೇ ನಿಯಮ. ತಲೆ ಒದ್ದೆಯಾಗದಿದ್ದರೂ ಕಿವಿಯ ಮೇಲಿನ ಒತ್ತಡ ತಪ್ಪುವುದಿಲ್ಲ.

*ಶ್ವಾಸಕೋಶ:* ಸ್ಕೂಬಾದಲ್ಲಿ ಉಸಿರು ಕಟ್ಟಲೇಬಾರದು. ಕೆಳಗೆ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶ ಹರಿಯಬಹುದು. ಇದಕ್ಕೆ ದೊಡ್ಡ ಆಳವೇನೂ ಬೇಕಿಲ್ಲ, ಈಜುಕೊಳದ ಆಳವೂ ಸಾಕು. ಗಾಬರಿಯಾದವರು ಸಹಜವಾಗಿ ಮಾಡುವುದು ಇದನ್ನೇ. ಅದಕ್ಕೇ ಒತ್ತಾಯ ಮಾಡಿ ಯಾರನ್ನೂ ಇಳಿಸಬೇಡಿ ಎನ್ನುವುದು.

*3. ಫಾರ್ಮಿನಲ್ಲಿ ಸಾಲಾಗಿ "ಇಲ್ಲ"*

ನನಗೆ ಬೇಸರ ತರಿಸುವ ವಿಷಯ ಇದು. ದಡದ ಮೇಜಿನ ಮೇಲೆ ಒಂದು ಕಾಗದ ಕೊಡುತ್ತಾರೆ. ಹೃದಯದ ತೊಂದರೆ ಇದೆಯೇ, ಅಸ್ತಮಾ ಇದೆಯೇ, ಕಿವಿಯ ಆಪರೇಷನ್ ಆಗಿದೆಯೇ, ಫಿಟ್ಸ್ ಬರುತ್ತದೆಯೇ, ಗರ್ಭಿಣಿಯೇ, ಯಾವ ಮಾತ್ರೆ ತಿನ್ನುತ್ತೀರಿ ಎಂದೆಲ್ಲ ಅದರಲ್ಲಿ ಕೇಳಿರುತ್ತಾರೆ. ನಮ್ಮವರು ಏನು ಮಾಡುತ್ತಾರೆ? ಮಗನೋ ಅಳಿಯನೋ ಇಡೀ ಕುಟುಂಬದ್ದನ್ನು ತಾನೇ ತೆಗೆದುಕೊಂಡು ಸಾಲಾಗಿ "ಇಲ್ಲ" ಎಂದು ಗೀಚಿ, ಸಹಿ ಮಾಡಿಸಿಬಿಡುತ್ತಾನೆ. ಕೆಲವು ಕಡೆ ಡೈವ್ ಮಾಡಿಸುವವರೇ "ಎಲ್ಲದಕ್ಕೂ ನೋ ಹಾಕಿ ಸಾರ್, ದೋಣಿ ಹೊರಡುತ್ತೆ" ಎನ್ನುತ್ತಾರೆ.

ಅಪ್ಪನಿಗೆ ಸ್ಟೆಂಟ್ ಹಾಕಿ ಎರಡು ವರ್ಷವಾಗಿರುತ್ತದೆ. ಅತ್ತೆ ಇನ್ಸುಲಿನ್ ತೆಗೆದುಕೊಳ್ಳುತ್ತಿರುತ್ತಾರೆ. ಅವೆಲ್ಲ ಆ ಕಾಗದದಲ್ಲಿ ಮಾಯ.

ಸಾಮಾನ್ಯವಾಗಿ ಅಲ್ಲಿ ಕಾಗದ ಎರಡಿರುತ್ತವೆ. "ಏನಾದರೂ ಆದರೆ ನೀವು ಹೊಣೆಯಲ್ಲ" ಎಂಬುದು ಅವರನ್ನು ಕಾಪಾಡುವ ಕಾಗದ. ಆರೋಗ್ಯದ ಪ್ರಶ್ನೆಗಳದ್ದು ನಮ್ಮನ್ನು ಕಾಪಾಡುವ ಕಾಗದ. ನಾವು ಮೊದಲನೆಯದಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತೇವೆ, ಎರಡನೆಯದರಲ್ಲಿ ಸುಳ್ಳು ಬರೆಯುತ್ತೇವೆ. ಮುಂದೆ ವಿಮೆಯವರು ಇದೇ ಸುಳ್ಳನ್ನು ತೋರಿಸಿ ಹಣ ನಿರಾಕರಿಸಬಹುದು ಎಂಬುದೂ ನೆನಪಿರಲಿ.

"ನಿಜ ಬರೆದರೆ ಇಳಿಸುವುದಿಲ್ಲ, ಕೊಟ್ಟ ಹಣ ಹೋಗುತ್ತದೆ" ಎನ್ನುತ್ತೀರಿ. ಅದಕ್ಕೇ ಪ್ಯಾಕೇಜಿಗೆ ಹಣ ಕಟ್ಟುವ ಮೊದಲೇ ನಿಮ್ಮ ಮನೆ ಡಾಕ್ಟರಿಗೆ ತೋರಿಸಿ, ಪತ್ರ ಬರೆಸಿಕೊಳ್ಳಿ. ಸ್ಟೆಂಟ್, ಬೈಪಾಸ್ ಆದವರು ಹೃದಯದ ಡಾಕ್ಟರಲ್ಲೇ ಕೇಳಬೇಕು. ಅಸ್ತಮಾ ಇದ್ದವರು, ಸಕ್ಕರೆ ಏಕಾಏಕಿ ಇಳಿಯುವವರು ಪರೀಕ್ಷೆಯಿಲ್ಲದೆ ಇಳಿಯಬಾರದು. ಫಿಟ್ಸ್ ಬರುವವರು, ಗರ್ಭಿಣಿಯರು, ಹಿಂದೆ ತಾನಾಗಿ ಶ್ವಾಸಕೋಶ ಕುಸಿದಿದ್ದವರು, ತಮಟೆ ತೂತಾದವರು ಸ್ಕೂಬಾ ಮಾಡಬಾರದು. ಅಂಥವರಿಗೆ ಗಾಜಿನ ದೋಣಿ ಇದೆ, ರಾಧಾನಗರ ಬೀಚಿನ ಸೂರ್ಯಾಸ್ತ ಇದೆ. ಏನೂ ಕಳೆದುಕೊಂಡಂತಾಗುವುದಿಲ್ಲ.

"ದಿನಕ್ಕೆ ನೂರಾರು ಜನ ಮಾಡ್ತಾರೆ, ಯಾರಿಗೂ ಏನೂ ಆಗಿಲ್ಲ" ಎಂಬ ಮಾತೂ ಬರುತ್ತದೆ. ಹೌದು, ಹೆಚ್ಚಿನವರು ಸುರಕ್ಷಿತವಾಗಿ ಬರುತ್ತಾರೆ. ಆ ನೂರಾರು ಜನರಲ್ಲಿ ಬಹುಪಾಲು ಆರೋಗ್ಯವಂತ ಯುವಕರು. ನಿಮ್ಮ ತಂದೆಯವರ ಹೃದಯದ ಬಗ್ಗೆ ಆ ಲೆಕ್ಕ ಏನೂ ಹೇಳುವುದಿಲ್ಲ.

*4. ಸ್ನಾರ್ಕೆಲಿಂಗ್ ಹಗುರವೆಂದು ತಿಳಿಯಬೇಡಿ*

"ಸ್ಕೂಬಾ ಬೇಡ, ಹಿರಿಯರಿಗೆ ಸ್ನಾರ್ಕೆಲಿಂಗ್ ಸಾಕು" ಎಂದು ಎಲ್ಲರೂ ಹೇಳುತ್ತಾರೆ. ಇದು ಪೂರ್ತಿ ಸರಿಯಲ್ಲ. ಮೈ ನೀರಿನಲ್ಲಿ ಮುಳುಗಿದಾಗ ಕಾಲುಗಳ ರಕ್ತ ಎದೆಯ ಕಡೆಗೆ ಸರಿಯುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಕೊಳವೆಯಲ್ಲಿ ಉಸಿರೆಳೆಯಲು ಶ್ರಮ ಬೇಕು. ಅಲೆಗೆ ಎದುರಾಗಿ ಕಾಲು ಬಡಿದರೆ ಇನ್ನಷ್ಟು ಶ್ರಮ. ಬಿ.ಪಿ., ಹೃದಯದ ತೊಂದರೆ ಇದ್ದವರಿಗೆ ಆಗ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಒಂದು ಗುಟುಕು ಸಮುದ್ರದ ನೀರು ಕುಡಿಯದೆಯೂ ಹೀಗಾಗುತ್ತದೆ. ಹೊರಗಿನವರಿಗೆ ಅವರು ಶಾಂತವಾಗಿ ತೇಲುತ್ತಿರುವಂತೆಯೇ ಕಾಣುತ್ತಾರೆ.

ಆದ್ದರಿಂದ ಹಿರಿಯರು ಕಾಲು ನೆಲಕ್ಕೆ ತಾಗುವ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಒಬ್ಬರ ಕೈ ಹಿಡಿದೇ ಮಾಡಲಿ. ಉಸಿರು ಸಾಲದು ಅನ್ನಿಸಿದ ಕೂಡಲೇ ಕೊಳವೆ ಬಿಟ್ಟು, ಬೆನ್ನ ಮೇಲೆ ತಿರುಗಿ, ದಡಕ್ಕೆ ಬರಲಿ. ಮನೆಯಲ್ಲಿ ಎರಡು ಮಹಡಿ ಹತ್ತಿದರೆ ಏದುಸಿರು ಬರುವವರು ಮೊದಲು ಡಾಕ್ಟರನ್ನು ಕೇಳಲಿ.

ಹುಡುಗರಿಗೊಂದು ಮಾತು: ಜೋರಾಗಿ ಹತ್ತಾರು ಸಲ ಉಸಿರೆಳೆದು ನೀರೊಳಗೆ ಉಸಿರು ಕಟ್ಟುವ ಪಂದ್ಯ ಆಡಬೇಡಿ. ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರೇ ಹೀಗೆ ಹೋಗುವುದು.

*5. ಹೆಬ್ಬೆರಳು ಮೇಲೆತ್ತಿದರೆ "ಚೆನ್ನಾಗಿದೆ" ಎಂದಲ್ಲ*

ಹೊರನಾಡಿನ ಮನೆಗಳಲ್ಲಿ ಊರಿಂದ ಬಂದ ಅಪ್ಪ, ಅಮ್ಮನಿಗೆ ಹಿಂದಿ, ಇಂಗ್ಲಿಷ್ ಅಷ್ಟಕ್ಕಷ್ಟೆ. ದಡದಲ್ಲಿ ಹತ್ತು ನಿಮಿಷ ಹಿಂದಿಯಲ್ಲಿ ಪಾಠ ನಡೆಯುತ್ತದೆ. ಅವರು ತಲೆಯಾಡಿಸುತ್ತಾರೆ, ಅರ್ಥವಾಗಿರುವುದಿಲ್ಲ. ಕೇಳಲು ಸಂಕೋಚ.

ನೀರಿನಡಿಯಲ್ಲಿ ಹೆಬ್ಬೆರಳು ಮೇಲೆ ತೋರಿಸಿದರೆ "ಮೇಲಕ್ಕೆ ಹೋಗೋಣ" ಎಂದರ್ಥ. "ಚೆನ್ನಾಗಿದ್ದೇನೆ" ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಏನೋ ತೊಂದರೆ ಎನ್ನಲು ಅಂಗೈ ಚಪ್ಪಟೆ ಹಿಡಿದು ಆಚೀಚೆ ಅಲ್ಲಾಡಿಸಿ, ತೊಂದರೆಯಿರುವ ಜಾಗ, ಉದಾಹರಣೆಗೆ ಕಿವಿ, ತೋರಿಸಬೇಕು. ಹಿಂದಿನ ರಾತ್ರಿ ಊಟದ ನಂತರ ಎಲ್ಲರೂ ಕೂತು ಇದನ್ನು ಕನ್ನಡದಲ್ಲೇ ಹತ್ತು ಸಲ ಆಡಿ. ಮಕ್ಕಳಿಗೆ ಆಟ, ಹಿರಿಯರಿಗೆ ಧೈರ್ಯ. ಅಮ್ಮ "ನನಗೆ ಬೇಡ ಕಣೋ" ಎಂದರೆ ಅಲ್ಲಿಗೇ ಬಿಡಿ. ಫೋಟೋ ಸಲುವಾಗಿ ಪೀಡಿಸಬೇಡಿ.

*6. ಡೈವ್ ಆದಮೇಲೆ ವಿಮಾನ, ಘಾಟಿ*

ಆಳದಲ್ಲಿರುವಾಗ ನೈಟ್ರೋಜನ್ ರಕ್ತದಲ್ಲಿ ಹೆಚ್ಚು ಕರಗುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಗಳಾಗಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಲಹೆ: ಒಂದೇ ಡೈವ್ ಆಗಿದ್ದರೆ ವಿಮಾನಕ್ಕೆ ಮೊದಲು ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಬಿಡುವಿರಬೇಕು. ಪೂರ್ತಿ ಒಂದು ದಿನ ಬಿಟ್ಟರೆ ಲೆಕ್ಕದ ತಲೆನೋವೇ ಇಲ್ಲ.

ಆದ್ದರಿಂದ ಪ್ರವಾಸದ ಕ್ರಮ ಬದಲಿಸಿ. ಮೊದಲು ಹ್ಯಾವ್‌ಲಾಕ್ ಮುಗಿಸಿ, ಶ್ರೀ ವಿಜಯಪುರಂನ (ಹಿಂದಿನ ಪೋರ್ಟ್ ಬ್ಲೇರ್) ಸೆಲ್ಯುಲಾರ್ ಜೈಲು ಕೊನೆಯ ದಿನಕ್ಕಿರಲಿ. ಬೆಳಗಿನ ಜಾವದ ವಿಮಾನ, ಹಡಗಿನಲ್ಲಿ ವಾಂತಿ, ನಿದ್ದೆಯಿಲ್ಲದ ಮೈ, ಇಂಥ ದಿನವೇ ಡೈವ್ ಇಟ್ಟುಕೊಳ್ಳಬೇಡಿ.

ಮಾಲ್ವಣಕ್ಕೆ ಹೋಗುವ ಪುಣೆಯವರು ಇದನ್ನು ಯೋಚಿಸುವುದೇ ಇಲ್ಲ. ವಿಮಾನ ಇಲ್ಲವಲ್ಲ ಎಂದು ಸಂಜೆಯೇ ಕಾರು ತೆಗೆದು ಘಾಟಿ ಹತ್ತುತ್ತಾರೆ. ಅಂಬೋಲಿ 600 ಮೀಟರಿಗಿಂತ ಎತ್ತರ. ಮೊದಲ ಸಲದವರ ಒಂದು ಕಿರು ಡೈವಿಗೆ ಅಪಾಯ ಬಹಳ ಕಡಿಮೆ. ಆದರೆ ಎರಡು ಮೂರು ಆಳದ ಡೈವ್ ಮಾಡಿದವರು ಆ ರಾತ್ರಿ ಕರಾವಳಿಯಲ್ಲೇ ಉಳಿಯುವುದು ಒಳ್ಳೆಯದು. ನೇತ್ರಾಣಿ ಮುಗಿಸಿ ಪಶ್ಚಿಮ ಘಟ್ಟ ಹತ್ತುವವರಿಗೂ ಇದೇ ಮಾತು.

ಡೈವ್ ಆದಮೇಲೆ ಕೀಲು ನೋವು, ಕೈಕಾಲು ಜೋಮು, ತಲೆಸುತ್ತು, ಎಂದಿಲ್ಲದ ಸುಸ್ತು, ಚರ್ಮದ ಮೇಲೆ ಕಲೆ ಕಂಡರೆ "ಆಯಾಸ" ಎಂದು ಮಲಗಬೇಡಿ. ಆಕ್ಸಿಜನ್ ಕೊಡಿಸಿ, ಆಸ್ಪತ್ರೆಗೆ ಹೋಗಿ, "ಇವತ್ತು ಡೈವ್ ಮಾಡಿದ್ದೇನೆ" ಎಂದು ಮೊದಲೇ ಹೇಳಿ.

*7. ಹಣ ಕೊಡುವ ಮೊದಲು ಕೇಳಿ*

✅ ಒಬ್ಬ ಹೊಸಬರಿಗೆ ಒಬ್ಬ ಕಲಿಸುವವರು ಇರುತ್ತಾರೆಯೇ? ಅವರ ಪ್ರಮಾಣಪತ್ರ ತೋರಿಸುತ್ತಾರೆಯೇ?
✅ ದೋಣಿಯಲ್ಲಿ ತುರ್ತು ಆಕ್ಸಿಜನ್ ಇದೆಯೇ?
✅ ಆರೋಗ್ಯದ ಕಾರಣಕ್ಕೆ ಬೇಡವೆಂದರೆ ಹಣ ವಾಪಸ್ ಉಂಟೇ?
✅ ಕನ್ನಡಕ ಹಾಕುವವರಿಗೆ ಪವರ್ ಇರುವ ಮಾಸ್ಕ್ ಇದೆಯೇ? (ಮೀಸೆ ದಪ್ಪವಿದ್ದವರ ಮಾಸ್ಕಿಗೆ ಸ್ವಲ್ಪ ನೀರು ಬರುವುದುಂಟು. ಹೆದರಬೇಡಿ, ಅದನ್ನು ಹೊರಹಾಕುವುದು ಹೇಗೆಂದು ದಡದಲ್ಲೇ ಕಲಿಯಿರಿ.)

ಹಿಂದಿನ ರಾತ್ರಿ ಮದ್ಯ ಬೇಡ. ನೀರು ಚೆನ್ನಾಗಿ ಕುಡಿಯಿರಿ. ಹವಳ ಮುಟ್ಟಬೇಡಿ: ಅದು ಜೀವಿ, ಅದರ ಗೀರು ಬೇಗ ಕೀವಾಗುತ್ತದೆ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಎಚ್ಚರಿಕೆ ಬೋರ್ಡ್ ಇರುವಲ್ಲಿ ಕಾಲೂ ಇಡಬೇಡಿ. ಸಮುದ್ರದಲ್ಲಿ ತುರ್ತು ಸಹಾಯಕ್ಕೆ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ *1554*.

ಆರೋಗ್ಯವಾಗಿರುವವರು ಖಂಡಿತ ಇಳಿಯಿರಿ. ಮಕ್ಕಳನ್ನು ಈ ವರ್ಷವೇ ಈಜಿಗೆ ಸೇರಿಸಿ, ಮುಂದಿನ ವರ್ಷ ಕರೆದೊಯ್ಯಿರಿ. ಮೌನವಾದ ಆ ನೀಲಿಯಲ್ಲಿ ತನ್ನ ಉಸಿರಿನ ಸದ್ದು ಮಾತ್ರ ಕೇಳುತ್ತ, ಬಣ್ಣದ ಮೀನುಗಳ ನಡುವೆ ತೇಲುವ ಸುಖ ದೊಡ್ಡದು. ಆ ಸುಖ ಮನೆಯವರೆಲ್ಲ ಕ್ಷೇಮವಾಗಿ ದಡಕ್ಕೆ ಬಂದಾಗಲೇ ಪೂರ್ತಿಯಾಗುವುದು.

ನಿಮ್ಮ ಬಳಗದಲ್ಲಿ ಯಾರಾದರೂ ಟಿಕೆಟ್ ಮಾಡಿಸಿದ್ದರೆ ಇದನ್ನು ಅವರಿಗೆ ಇಂದೇ ಕಳುಹಿಸಿ. ಇದು ತಿಳಿವಳಿಕೆಗಾಗಿ ಮಾತ್ರ, ನಿಮ್ಮ ದೇಹದ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಅಂತಿಮ.

ಎಲ್ಲರಿಗೂ ಶುಭ ಪ್ರಯಾಣ.